ಮಧ್ಯಾಹ್ನ 12:15ರ ಸನ್ನಿ ಬಾಯ್

ಅಮೆರಿಕದ ಬ್ಲೂಸ್ ಸಂಗೀತದ ಚರಿತ್ರೆಯಲ್ಲಿ ಸನ್ನಿ ಬಾಯ್ ವಿಲಿಯಮ್ಸನ್ ಅನ್ನೋ ಹೆಸರಿನವರು ಇಬ್ಬರಿದ್ದಾರೆ. ಇಬ್ಬರೂ ಹಾಡುತ್ತಿದ್ದರು, ಇಬ್ಬರೂ ಮೌತ್ ಆರ್ಗನ್ ನುಡಿಸುತ್ತಿದ್ದರು, ಇಬ್ಬರೂ ಒಂದೇ ಕಾಲದಲ್ಲಿ ಬದುಕಿದ್ದರು. ಮೊದಲನೆಯವನ ಪೂರ್ತಿ ಹೆಸರು ಜಾನ್ ಲೀ ಕರ್ಟಿಸ್ ವಿಲಿಯಮ್ಸನ್. 1914ರಲ್ಲಿ ಟೆನೆಸೀ ರಾಜ್ಯದಲ್ಲಿ ಹುಟ್ಟಿದವನು. 1937ರಲ್ಲಿ ಅವನ ರೆಕಾರ್ಡುಗಳು ಬಂದವು, ಹಿಟ್ ಆದವು, ಸನ್ನಿ ಬಾಯ್ ಅನ್ನೋ ಅಡ್ಡಹೆಸರು ಮನೆಮಾತಾಯಿತು. ಎರಡನೆಯವನ ಹೆಸರು ವಿಲಿಯಮ್ಸನ್ನೂ ಅಲ್ಲ, ಸನ್ನಿ ಬಾಯೂ ಅಲ್ಲ. ಆ ಹೆಸರು ಆಗಲೇ ಮಾರ್ಕೆಟ್‌ನಲ್ಲಿ ಓಡುತ್ತಿತ್ತು, ಇವನು ಎತ್ತಿಕೊಂಡ, ಅಷ್ಟೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಜೀವನಪೂರ್ತಿ ಪ್ರಾಕ್ಸಿ.

ಈ ಲೇಖನ ಈ ಎರಡನೆಯವನ ಬಗ್ಗೆ. ಇಷ್ಟು ಕೇಳಿದ ಮೇಲೆ ಕಳ್ಳನ ಕಥೆ ಬರೆಯೋಕೆ ಹೊರಟಿದಾನೆ ಅಂದ್ಕೋಬೇಡಿ. ಇವತ್ತು ಪ್ರಪಂಚದ ಯಾವುದೇ ಊರಿನ ರೇಡಿಯೋದಲ್ಲಿ ವಾರಕ್ಕೊಮ್ಮೆ ಬ್ಲೂಸ್ ಕಾರ್ಯಕ್ರಮ ಬರುತ್ತಿದ್ದರೆ, ಅದರಲ್ಲಿ ಹಳೇ ಹಾಡಿನ ಪಕ್ಕ ಹೊಸಬರ ಹಾಡು ಹಾಕುತ್ತಿದ್ದರೆ, ಅದರ ವಂಶವೃಕ್ಷವನ್ನ ಹಿಂದಕ್ಕೆ ಹುಡುಕಿಕೊಂಡು ಹೋದಾಗ ಸಿಗೋ ಮೊದಲ ಹೆಸರುಗಳಲ್ಲಿ ಇವನದೂ ಒಂದು. ಅದೂ ಅವನದ್ದಲ್ಲದ ಹೆಸರು!

ಹತ್ತಿ ಹೊಲದ ಹುಡುಗ

ಅವನು ಹುಟ್ಟಿದ್ದು ಮಿಸಿಸಿಪ್ಪಿ ರಾಜ್ಯದ ಟಲಹಾಚಿ ಕೌಂಟಿಯಲ್ಲಿ, ಗ್ಲೆಂಡೋರಾ ಅನ್ನೋ ಸಣ್ಣ ಊರಿನ ಹತ್ತಿರದ ಒಂದು ಹತ್ತಿ ತೋಟದಲ್ಲಿ. ಯಾವಾಗ ಹುಟ್ಟಿದ ಅನ್ನೋದಕ್ಕೆ ಮಾತ್ರ ಒಂದೇ ಉತ್ತರ ಇಲ್ಲ. ಅವನೇ ಬೇರೆ ಬೇರೆ ಸಲ ಬೇರೆ ಬೇರೆ ವರ್ಷ ಹೇಳಿದ್ದಾನೆ, 1897 ಅಂತಲೂ ಹೇಳಿದ್ದುಂಟು. ಸಮಾಧಿಯ ಕಲ್ಲಿನ ಮೇಲೆ 1908 ಅಂತಿದೆ. ಹಳೇ ಜನಗಣತಿ ದಾಖಲೆ ಕೆದಕಿದವರು 1912ರ ಆಸುಪಾಸು ಅನ್ನುತ್ತಾರೆ. ಹೆಸರು ಅಲೆಕ್ ಅಥವಾ ಅಲೆಕ್ಸ್. ತಾಯಿಯ ಕಡೆಯಿಂದ ಬಂದ ಫೋರ್ಡ್ ಅನ್ನೋ ಹೆಸರೂ ಇತ್ತು, ಮಲತಂದೆಯಿಂದ ಬಂದ ಮಿಲ್ಲರ್ ಅನ್ನೋ ಹೆಸರೂ ಇತ್ತು. ಚಿಕ್ಕಂದಿನಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ರೈಸ್ ಅಂತ. ಹಾಗಾಗಿ ಚರಿತ್ರೆ ಬರೆಯೋರು ಅವನನ್ನ ರೈಸ್ ಮಿಲ್ಲರ್ ಅಂತ ಗುರುತಿಸುತ್ತಾರೆ.

ದಾಖಲೆ ಹೀಗೆ ಗೋಜಲಾಗಿರೋದಕ್ಕೆ ಅವನ ಸುಳ್ಳುಗಳಷ್ಟೇ ಕಾರಣ ಅಲ್ಲ. ಆ ಕಾಲದ ಮಿಸಿಸಿಪ್ಪಿಯಲ್ಲಿ ಕಪ್ಪು ರೈತರ ಮಗು ಯಾವತ್ತು ಹುಟ್ಟಿತು ಅಂತ ನೆಟ್ಟಗೆ ಬರೆದಿಡೋ ತಲೆಬಿಸಿ ಯಾರಿಗೂ ಇರಲಿಲ್ಲ. ಅವನ ಮನೆಯವರು ಗೇಣಿ ಪಾಲಿನ ಬೇಸಾಯಗಾರರು. ಜಮೀನು ಬಿಳಿ ಮಾಲೀಕನದು. ಬೀಜ, ಹೇಸರಗತ್ತೆ, ನೇಗಿಲು, ಮನೆಗೆ ಬೇಕಾದ ಹಿಟ್ಟು ಎಲ್ಲ ಮಾಲೀಕನ ಅಂಗಡಿಯಿಂದ ಸಾಲಕ್ಕೆ. ಹತ್ತಿ ಬಿಡಿಸಿ ಲೆಕ್ಕ ಚುಕ್ತಾ ಮಾಡೋ ದಿನ ಸಾಲ ತೀರಿಸಿ ಉಳಿಯೋದು ಅಷ್ಟಕ್ಕಷ್ಟೆ, ಎಷ್ಟೋ ಸಲ ಅದೂ ಇಲ್ಲ. ಲೆಕ್ಕದ ಪುಸ್ತಕ ಇರುತ್ತಿದ್ದದ್ದೂ ಮಾಲೀಕನ ಕೈಯಲ್ಲೇ. ಇದು ಗುಲಾಮಗಿರಿ ಕಾಗದದ ಮೇಲೆ ಮುಗಿದು ಐವತ್ತು ವರ್ಷ ಆದ ಮೇಲಿನ ಮಾತು.

ಈ ಬದುಕಿನಿಂದ ಹೊರಬೀಳೋಕೆ ಇದ್ದ ದಾರಿಗಳು ಕಡಿಮೆ. ಒಂದು, ರೈಲು ಹತ್ತಿ ಶಿಕಾಗೋಗೆ ಹೋಗೋದು. ಇನ್ನೊಂದು, ಸಂಗೀತ. ರೈಸ್ ಮಿಲ್ಲರ್ 1930ರ ದಶಕದಲ್ಲಿ ಮನೆ ಬಿಟ್ಟು ಊರೂರು ತಿರುಗೋಕೆ ಶುರು ಮಾಡಿದ. ರಸ್ತೆ ಮೂಲೆ, ರೈಲ್ವೆ ಸ್ಟೇಷನ್, ಶನಿವಾರ ರಾತ್ರಿಯ ಕುಡಿತದ ಕೊಟ್ಟಿಗೆಗಳು, ಎಲ್ಲಿ ನಾಲ್ಕು ಕಾಸು ಬೀಳುತ್ತೋ ಅಲ್ಲಿ ನುಡಿಸಿದ. ಮೌತ್ ಆರ್ಗನ್ನನ್ನ ಪೂರ್ತಿ ಬಾಯೊಳಗೆ ಇಟ್ಟುಕೊಂಡು, ಕೈ ಎರಡೂ ಬಿಟ್ಟು ನುಡಿಸೋದು, ಮೂಗಿನಿಂದ ಊದೋದು, ಇವೆಲ್ಲ ಜನ ಸೇರಿಸೋ ಕಸರತ್ತುಗಳು. ಈ ತಿರುಗಾಟದಲ್ಲಿ ಜೊತೆಯಾದವರ ಪಟ್ಟಿ ನೋಡಿದರೆ ಬ್ಲೂಸ್ ಚರಿತ್ರೆಯ ಹಾಜರಿ ಪುಸ್ತಕದ ಹಾಗಿದೆ: ರಾಬರ್ಟ್ ಜಾನ್ಸನ್, ಎಲ್ಮೋರ್ ಜೇಮ್ಸ್, ರಾಬರ್ಟ್ ಲಾಕ್‌ವುಡ್. ಹೌಲಿಂಗ್ ವುಲ್ಫ್ ಅಂತ ಮುಂದೆ ದೊಡ್ಡ ಹೆಸರಾದ ಚೆಸ್ಟರ್ ಬರ್ನೆಟ್‌ನ ಮಲಸೋದರಿಯ ಜೊತೆ ಸಂಸಾರ ಹೂಡಿದ. ಬಾವಮೈದುನನಿಗೆ ಮೌತ್ ಆರ್ಗನ್ ಹೇಳಿಕೊಟ್ಟವನೂ ಇವನೇ.

ಹತ್ತು ತೂತು, ಇಪ್ಪತ್ತು ರೀಡ್

ಮೌತ್ ಆರ್ಗನ್ ಅಂದರೆ ನಮಗೆ ಥಟ್ಟನೆ ನೆನಪಾಗೋದು ಶೋಲೆ ಸಿನಿಮಾದಲ್ಲಿ ಸಂಜೆ ಹೊತ್ತು ಅಮಿತಾಭ್ ಊದೋ ದೃಶ್ಯ. ಅಂಗಿ ಜೇಬಿಗೆ ಹಿಡಿಸೋ ಸಾಮಾನು. ಬ್ಲೂಸ್‌ನಲ್ಲಿ ಬಳಸೋ ಮಾದರಿಗೆ ಹತ್ತು ತೂತು. ಒಂದೊಂದು ತೂತಿಗೆ ಎರಡು ಹಿತ್ತಾಳೆ ರೀಡ್, ಊದಿದರೆ ಒಂದು ಸ್ವರ, ಉಸಿರು ಎಳೆದರೆ ಇನ್ನೊಂದು. ಜರ್ಮನಿಯ ಕಾರ್ಖಾನೆಗಳಲ್ಲಿ ತಯಾರಾಗುತ್ತಿದ್ದ ಈ ಡಬ್ಬಿ ಸರಳವಾದ ಜಾನಪದ ಹಾಡುಗಳಿಗೆ ಅಂತ ಮಾಡಿದ್ದು. ಸಿ ಶ್ರುತಿಯ ಡಬ್ಬಿಯಲ್ಲಿ ಸಿ ಶ್ರುತಿಯ ಹಾಡು ಊದಬೇಕು. ಡಿಸೈನ್ ಮಾಡಿದವರ ಉದ್ದೇಶ ಅಷ್ಟೆ.

ದಕ್ಷಿಣ ಅಮೆರಿಕ ಸಂಯುಕ್ತ ಸಂಸ್ಥಾನದ ಕಪ್ಪು ವಾದಕರು ಈ ಡಿಸೈನನ್ನ ತಲೆಕೆಳಗು ಮಾಡಿದರು. ಸಿ ಡಬ್ಬಿಯನ್ನ ಹಿಡಿದು ಜಿ ಶ್ರುತಿಯಲ್ಲಿ ನುಡಿಸಿದರು. ಆಗ ಮುಖ್ಯ ಸ್ವರಗಳೆಲ್ಲ ಊದೋ ಕಡೆಯಿಂದ ಎಳೆಯೋ ಕಡೆಗೆ ಬರುತ್ತವೆ. ಇದರಿಂದ ಏನು ಲಾಭ? ಕೆಳಗಿನ ಆರು ತೂತುಗಳಲ್ಲಿ ಎಳೆಯೋ ರೀಡ್‌ನ ಸ್ವರ ಊದೋ ರೀಡ್‌ಗಿಂತ ಎತ್ತರದ್ದು. ಎರಡೂ ಒಂದೇ ಗೂಡಿನಲ್ಲಿ ಇರೋದರಿಂದ ಗಾಳಿಯ ಮೂಲಕ ಒಂದಕ್ಕೊಂದು ಕಪಲ್ ಆಗಿರುತ್ತವೆ. ನಾಲಿಗೆ, ಗಂಟಲಿನ ಆಕಾರ ಬದಲಾಯಿಸಿ ಬಾಯೊಳಗಿನ ಅನುರಣನವನ್ನ ಕೆಳಕ್ಕೆ ತಂದರೆ ಸ್ವರವೂ ಜಾರುತ್ತದೆ. ಎರಡು ರೀಡ್‌ಗಳ ಸ್ವರಗಳ ನಡುವಿನ ಜಾಗ ಪೂರ್ತಿ ಆಟದ ಮೈದಾನ. ಕೋಮಲ ಗಾಂಧಾರಕ್ಕೂ ಶುದ್ಧ ಗಾಂಧಾರಕ್ಕೂ ನಡುವೆ ಎಲ್ಲೋ ಇರೋ ಬ್ಲೂಸ್‌ನ ಆ ನೋವಿನ ಸ್ವರ ಸಿಗೋದು ಹೀಗೆ. ಕರ್ನಾಟಕ ಸಂಗೀತ ಕೇಳೋರಿಗೆ ಗಮಕ ಅಂದರೆ ಸಾಕು, ಅರ್ಥ ಆಗುತ್ತದೆ.

ಇಲ್ಲೊಂದು ತಮಾಷೆ ನೋಡಿ. ಹಾರ್ಮೋನಿಯಮ್ ಕೂಡ ಇದೇ ರೀಡ್ ಕುಟುಂಬದ ವಾದ್ಯ. ಅದರಲ್ಲಿ ಗಮಕ ಬರೋಲ್ಲ, ಶ್ರುತಿ ನಮ್ಮ ಸಂಗೀತಕ್ಕೆ ಹೊಂದೋಲ್ಲ ಅನ್ನೋ ವಾದದ ಮೇಲೆ ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಅದನ್ನ ಹೊರಗೆ ಹಾಕಿತ್ತು. ಮೂವತ್ತು ವರ್ಷ ಆ ನಿಷೇಧ ನಡೀತು. ಅದರ ಮರುವರ್ಷವೇ ಅಮೆರಿಕದ ಒಂದು ಸಣ್ಣ ಊರಿನ ರೇಡಿಯೋ ಸ್ಟೇಷನ್ನು ಅದೇ ಕುಟುಂಬದ ಹತ್ತು ತೂತಿನ ಆಟಿಕೆಗೆ ಬಾಗಿಲು ತೆಗೆಯಿತು.

ಹಿಟ್ಟು ಮಾರೋಕೆ ಒಂದು ಹಾಡು

ಊರಿನ ಹೆಸರು ಹೆಲೀನಾ. ಅರ್ಕನ್ಸಾ ರಾಜ್ಯದಲ್ಲಿ, ಮಿಸಿಸಿಪ್ಪಿ ನದಿಯ ಪಶ್ಚಿಮ ದಡದಲ್ಲಿದೆ. 1941ರ ನವೆಂಬರ್‌ನಲ್ಲಿ ಅಲ್ಲಿ ಕೆಎಫ್‌ಎಫ್‌ಎ ಅನ್ನೋ ಸ್ಟೇಷನ್ ಶುರುವಾಯಿತು. ರೈಸ್ ಮಿಲ್ಲರ್ ಮತ್ತು ಗಿಟಾರ್ ನುಡಿಸೋ ರಾಬರ್ಟ್ ಲಾಕ್‌ವುಡ್ ಇಬ್ಬರೂ ಸ್ಟೇಷನ್ ನಡೆಸುತ್ತಿದ್ದ ಸ್ಯಾಮ್ ಆಂಡರ್ಸನ್ ಹತ್ತಿರ ಹೋಗಿ, ನಮಗೊಂದು ಕಾರ್ಯಕ್ರಮ ಕೊಡಿ ಅಂತ ಕೇಳಿದರು. ಪ್ರಾಯೋಜಕರು ಸಿಕ್ಕರೆ ಕೊಡಬಹುದು ಅಂತ ಆತ ಇವರನ್ನ ಇಂಟರ್‌ಸ್ಟೇಟ್ ಗ್ರೋಸರಿ ಕಂಪನಿಯ ಮ್ಯಾಕ್ಸ್ ಮೂರ್ ಹತ್ತಿರ ಕಳಿಸಿದ. ಆ ಕಂಪನಿ ಮಾರುತ್ತಿದ್ದ ಗೋಧಿ ಹಿಟ್ಟಿನ ಹೆಸರು ಕಿಂಗ್ ಬಿಸ್ಕಿಟ್. ಬಿಸ್ಕಿಟ್ ಅಂದರೆ ಚಹಾಕ್ಕೆ ಅದ್ದಿ ತಿನ್ನೋದಲ್ಲ, ಅಲ್ಲಿ ಊಟಕ್ಕೆ ಮಾಡಿಕೊಳ್ಳೋ ಮೆತ್ತನೆ ಬನ್ ಥರದ್ದು. ಆ ಭಾಗದಲ್ಲಿ ಹಿಟ್ಟು ಕೊಳ್ಳೋರಲ್ಲಿ ಕಪ್ಪು ಜನರೇ ತುಂಬಾ ಇದ್ದರು, ಅವರನ್ನ ಕರೆದು ಮಾತಾಡಿಸೋ ಜಾಹೀರಾತು ಮಾತ್ರ ಯಾವುದೂ ಇರಲಿಲ್ಲ. ಮೂರ್‌ಗೆ ಲೆಕ್ಕ ಹೊಳೆಯಿತು, ಒಪ್ಪಿದ.

1941ರ ನವೆಂಬರ್ 21, ಶುಕ್ರವಾರ, ಕಿಂಗ್ ಬಿಸ್ಕಿಟ್ ಟೈಮ್ ಮೊದಲ ಸಲ ಪ್ರಸಾರವಾಯಿತು. ಇನ್ನು 16 ದಿನಕ್ಕೆ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಬಿದ್ದು ಅಮೆರಿಕ ಮಹಾಯುದ್ಧಕ್ಕೆ ಇಳಿಯುವುದಿತ್ತು. ಕಾರ್ಯಕ್ರಮದ ಹೊತ್ತು ಮಧ್ಯಾಹ್ನ 12:15. ಯಾಕೆ ಈ ಹೊತ್ತು ಅಂದರೆ ಹತ್ತಿ ಹೊಲದಲ್ಲಿ ಊಟಕ್ಕೆ ಬಿಡೋದು 12ಕ್ಕೆ. ಬುತ್ತಿ ಬಿಚ್ಚಿ ಕೂರೋಷ್ಟರಲ್ಲಿ ಹಾಡು ಶುರು. ವಾರದ ಐದೂ ದಿನ, ರೆಕಾರ್ಡ್ ಅಲ್ಲ, ಸ್ಟುಡಿಯೋದಲ್ಲಿ ಎದುರಿಗೇ ನಿಂತು ನುಡಿಸೋದು.

ಕಾರ್ಯಕ್ರಮದಲ್ಲಿ ರೈಸ್ ಮಿಲ್ಲರ್‌ನ ಹೆಸರು ಸನ್ನಿ ಬಾಯ್ ವಿಲಿಯಮ್ಸನ್. ಇದು ಯಾರ ಐಡಿಯಾ ಅನ್ನೋದಕ್ಕೆ ಎರಡು ಕಥೆ ಇವೆ. ಹಿಟ್ಟಿನ ಕಂಪನಿಯದು ಅಂತ ಕೆಲವರು, ಇಲ್ಲ, ಅವನದೇ ಅಂತ ಕೆಲವರು. ಯಾರದೇ ಆಗಲಿ, ಲೆಕ್ಕಾಚಾರ ಒಂದೇ. ರೇಡಿಯೋದಲ್ಲಿ ಮುಖ ಕಾಣೋಲ್ಲ. ಅಸಲಿ ಸನ್ನಿ ಬಾಯ್ ದೂರದ ಶಿಕಾಗೋದಲ್ಲಿದ್ದಾನೆ. ಇಲ್ಲಿಯ ಸಿಗ್ನಲ್ ಅಲ್ಲಿಗೆ ತಲುಪೋಲ್ಲ.

ಸಂಬಳ ಹೇಳಿಕೊಳ್ಳೋ ಹಾಗಿರಲಿಲ್ಲ. ಲಾಭ ಇದ್ದದ್ದು ಬೇರೆ ಕಡೆ. ಇವತ್ತು ರಾತ್ರಿ ನಾವು ಇಂಥ ಊರಲ್ಲಿ ನುಡಿಸ್ತೀವಿ ಅಂತ ಕಾರ್ಯಕ್ರಮದಲ್ಲೇ ಹೇಳಿಕೊಳ್ಳೋ ಅವಕಾಶ ಅವರಿಗಿತ್ತು. ರಾತ್ರಿ ಅಲ್ಲಿ ಜನ ಕಿಕ್ಕಿರಿದು ಸೇರುತ್ತಿದ್ದರು. ಹಿಟ್ಟಿನ ವ್ಯಾಪಾರವೂ ಏರಿತು. ಕೆಲವೇ ವರ್ಷಗಳಲ್ಲಿ ಕಂಪನಿ ಸನ್ನಿ ಬಾಯ್ ಹೆಸರಲ್ಲೇ ಜೋಳದ ಹಿಟ್ಟು ತಂದಿತು. ಚೀಲದ ಮೇಲೆ ಜೋಳದ ತೆನೆಯ ಮೇಲೆ ಕೂತು ಮೌತ್ ಆರ್ಗನ್ ಹಿಡಿದ ಅವನ ಚಿತ್ರ. ಬೇರೊಬ್ಬನ ಹೆಸರು, ಇವನ ಮುಖ, ಮೂರನೆಯವನ ಹಿಟ್ಟು!

ನದಿ ದಾಟಿದ ದನಿ

ಇದನ್ನ ಬರೀ ಜಾಹೀರಾತಿನ ಕಥೆ ಅಂತ ಓದಿದರೆ ಮುಖ್ಯವಾದದ್ದು ಕೈತಪ್ಪುತ್ತದೆ. ಹೆಲೀನಾ ಇರೋದು ಫಿಲಿಪ್ಸ್ ಕೌಂಟಿಯಲ್ಲಿ. 1919ರಲ್ಲಿ ಇದೇ ಕೌಂಟಿಯ ಎಲೈನ್ ಅನ್ನೋ ಹಳ್ಳಿಯ ಸುತ್ತ, ಹತ್ತಿಗೆ ನ್ಯಾಯವಾದ ಬೆಲೆ ಬೇಕು ಅಂತ ಸಂಘ ಕಟ್ಟಿಕೊಂಡ ಕಪ್ಪು ರೈತರನ್ನ ಬಿಳಿಯರ ಗುಂಪುಗಳು ಬೇಟೆಯಾಡಿ ಕೊಂದಿದ್ದವು. ಎಷ್ಟು ಜನ ಸತ್ತರು ಅನ್ನೋದಕ್ಕೆ ಇವತ್ತಿಗೂ ಒಪ್ಪಿತವಾದ ಲೆಕ್ಕ ಇಲ್ಲ. ಆದರೆ ಮರಣದಂಡನೆ ವಿಧಿಸಿದ್ದು ಕೊಂದವರಿಗಲ್ಲ, ಹನ್ನೆರಡು ಮಂದಿ ಕಪ್ಪು ಗಂಡಸರಿಗೆ. ವಿಚಾರಣೆ ನಡೆದದ್ದು ಹೆಲೀನಾದಲ್ಲೇ. ಅವರ ಜೀವ ಉಳೀಬೇಕಾದರೆ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು.

ಅದಾಗಿ 22 ವರ್ಷಕ್ಕೆ ಅದೇ ಊರಿನ ಸ್ಟೇಷನ್ನಿನಿಂದ ದಿನಾ ಮಧ್ಯಾಹ್ನ ಒಬ್ಬ ಕಪ್ಪು ಮನುಷ್ಯನ ದನಿ ಹೊರಡುತ್ತಿತ್ತು. ಬಸ್ಸು, ಶಾಲೆ, ಹೋಟೆಲು, ಕುಡಿಯೋ ನೀರಿನ ನಲ್ಲಿ ಎಲ್ಲ ಬೇರೆ ಬೇರೆಯಾಗಿದ್ದ ಕಾಲ. ರೇಡಿಯೋ ಅಲೆಗಳಿಗೆ ಮಾತ್ರ ಆ ಬೋರ್ಡುಗಳು ಓದೋಕೆ ಬರುತ್ತಿರಲಿಲ್ಲ. ಹೆಲೀನಾದಲ್ಲಿ ನದಿಗೆ ಸೇತುವೆ ಆಗಿದ್ದು 1961ರಲ್ಲಿ. ಅದಕ್ಕೂ ಇಪ್ಪತ್ತು ವರ್ಷ ಮುಂಚೆಯೇ ಸನ್ನಿ ಬಾಯ್‌ನ ಹಾಡು ನದಿ ದಾಟಿ ಮಿಸಿಸಿಪ್ಪಿಯ ಹೊಲಗಳಿಗೆ ಹೋಗುತ್ತಿತ್ತು. ಕರೆಂಟ್ ಇಲ್ಲದ ಮನೆಗಳಲ್ಲಿ ಬ್ಯಾಟರಿ ರೇಡಿಯೋ ಇರುತ್ತಿತ್ತು. ಒಂದು ಮನೆಯಲ್ಲಿ ರೇಡಿಯೋ ಇದ್ದರೆ ಅಕ್ಕಪಕ್ಕದವರೆಲ್ಲ ಅಲ್ಲಿಗೇ ಬರೋರು.

ಹಾಗೆ ಕೇಳುತ್ತಿದ್ದವರಲ್ಲಿ ರೈಲಿ ಕಿಂಗ್ ಅನ್ನೋ ಹುಡುಗನೂ ಒಬ್ಬ. ಇಂಡಿಯನೋಲಾ ಊರಿನ ಹತ್ತಿರ ಹೊಲದಲ್ಲಿ ದುಡಿಯುತ್ತಿದ್ದ, ಟ್ರ್ಯಾಕ್ಟರ್ ಓಡಿಸುತ್ತಿದ್ದ. ದಿನಾ ಊಟದ ಹೊತ್ತಿಗೆ ಕೇಳಿ ಕೇಳಿ ಸನ್ನಿ ಬಾಯ್ ತನಗೆ ಮೊದಲಿಂದ ಪರಿಚಯ ಇರೋ ಮನುಷ್ಯ ಅನ್ನಿಸಿಬಿಟ್ಟಿತ್ತು. 1948ರ ಕೊನೆಯ ಹೊತ್ತಿಗೆ ಸನ್ನಿ ಬಾಯ್ ವೆಸ್ಟ್ ಮೆಂಫಿಸ್‌ನ ಕೆಡಬ್ಲ್ಯುಇಎಂ ಸ್ಟೇಷನ್‌ನಲ್ಲಿದ್ದ. ಅಲ್ಲಿ ಹಿಟ್ಟಲ್ಲ, ಹ್ಯಾಡಕಾಲ್ ಅನ್ನೋ ಟಾನಿಕ್ ಮಾರುತ್ತಿದ್ದ. ಆ ಟಾನಿಕ್ಕಿನಲ್ಲಿ ಶೇಕಡ 12 ಆಲ್ಕೋಹಾಲ್ ಇತ್ತು, ಹಾಗಾಗಿ ಅದರ ಜನಪ್ರಿಯತೆಗೆ ಬೇರೆ ಕಾರಣ ಹುಡುಕೋದು ಬೇಡ. ರೈಲಿ ಕಿಂಗ್ ಗಿಟಾರ್ ಹಿಡಿದು ಸೀದಾ ಸ್ಟುಡಿಯೋಗೆ ಹೋಗಿ, ಒಂದು ಹಾಡು ಹಾಡ್ತೀನಿ, ಅವಕಾಶ ಕೊಡಿ ಅಂತ ಕೇಳಿದ. ಹಾಡಿಸಿ ನೋಡಿದ ಸನ್ನಿ ಬಾಯ್ ಅವತ್ತೇ ಪ್ರಸಾರದಲ್ಲಿ ಅವಕಾಶ ಕೊಟ್ಟ. ಆ ರಾತ್ರಿ ಸನ್ನಿ ಬಾಯ್ ಎರಡು ಕಡೆ ಕಾರ್ಯಕ್ರಮ ಒಪ್ಪಿಕೊಂಡುಬಿಟ್ಟಿದ್ದ. ಹೆಚ್ಚು ದುಡ್ಡಿನ ಕಡೆಗೆ ತಾನು ಹೋಗಿ, ಕಡಿಮೆ ದುಡ್ಡಿನ ಕಡೆಗೆ ಈ ಹೊಸ ಹುಡುಗನನ್ನ ಕಳಿಸಿದ. ಆ ಕಡಿಮೆ ದುಡ್ಡಿನ ಕೆಲಸವೇ ಹುಡುಗನಿಗೆ ಮೆಂಫಿಸ್ ಬಾಗಿಲು ತೆರೆಯಿತು. ಮುಂದೆ ಡಬ್ಲ್ಯುಡಿಐಎ ಸ್ಟೇಷನ್‌ನಲ್ಲಿ ಅವನಿಗೇ ಒಂದು ಕಾರ್ಯಕ್ರಮ ಸಿಕ್ಕಿತು, ಅದೂ ಒಂದು ಟಾನಿಕ್ ಮಾರೋಕೆ. ಅಲ್ಲಿಂದ ಅವನು ಬಿ. ಬಿ. ಕಿಂಗ್ ಆದ.

ಹತ್ತು ವರ್ಷ ತಡವಾಗಿ ಬಂದ ರೆಕಾರ್ಡು

1948ರ ಜೂನ್ 1ರಂದು ಶಿಕಾಗೋದಲ್ಲಿ ಅಸಲಿ ಸನ್ನಿ ಬಾಯ್ ಕೊಲೆಯಾದ. ರಾತ್ರಿ ಕೆಲಸ ಮುಗಿಸಿ ಮನೆಗೆ ಹೋಗುವಾಗ ದರೋಡೆಕೋರರು ಹೊಡೆದು ಹಾಕಿದರು. ಅವನಿಗೆ ಆಗ 34 ವರ್ಷ. ಹೆಸರಿನ ಒಡೆಯ ಹೋದ ಮೇಲೆ ರೈಸ್ ಮಿಲ್ಲರ್‌ಗೆ ಸಂಕೋಚವೂ ಹೋಯಿತು. ತಾನೇ ಮೂಲ ಸನ್ನಿ ಬಾಯ್, ಆ ಹೆಸರು ಮೊದಲಿಂದಲೂ ತನ್ನದೇ ಅಂತ ಹೇಳಿಕೊಳ್ಳುತ್ತಾ ಬಂದ. ತಾನು ಹುಟ್ಟಿದ ವರ್ಷವನ್ನ ಹಿಂದಕ್ಕೆ ತಳ್ಳಿದ್ದಕ್ಕೂ ಇದಕ್ಕೂ ಸಂಬಂಧ ಇದೆ ಅನ್ನೋರಿದ್ದಾರೆ. ಮೊದಲು ಹುಟ್ಟಿದವನಿಗೆ ತಾನೇ ಹೆಸರು?

ಆಶ್ಚರ್ಯ ಅಂದರೆ, ಇಷ್ಟು ಹೊತ್ತಿಗೆ ಅವನ ಒಂದೇ ಒಂದು ರೆಕಾರ್ಡೂ ಬಂದಿರಲಿಲ್ಲ. ಹತ್ತಿರ ಹತ್ತಿರ ಹತ್ತು ವರ್ಷ ದಿನಾ ಹಾಡಿದ್ದು ಗಾಳಿಯಲ್ಲಿ ಹೋಗಿತ್ತು. ಆ ಮೊದಲ ವರ್ಷಗಳ ಪ್ರಸಾರಗಳಲ್ಲಿ ಇವತ್ತು ನಮಗೆ ಕೇಳೋಕೆ ಸಿಗೋದು ಹೆಚ್ಚೂಕಡಿಮೆ ಏನೂ ಇಲ್ಲ. ಬ್ಯಾಕಪ್ ಇಲ್ಲದ ಹತ್ತು ವರ್ಷ.

ಅದನ್ನ ಬದಲಿಸಿದವಳು ಲಿಲಿಯನ್ ಮ್ಯಾಕ್‌ಮರಿ ಅನ್ನೋ ಬಿಳಿ ಹೆಂಗಸು. ಮಿಸಿಸಿಪ್ಪಿಯ ಜ್ಯಾಕ್ಸನ್ ನಗರದಲ್ಲಿ ಅವಳ ಗಂಡ ಒಂದು ಅಂಗಡಿ ಕೊಂಡಾಗ, ಹಳೇ ಸ್ಟಾಕಿನ ಜೊತೆ ಕಪ್ಪು ಸಂಗೀತಗಾರರ ರೆಕಾರ್ಡುಗಳ ರಾಶಿಯೂ ಬಂತು. ಹಾಕಿ ಕೇಳಿದಳು, ಮರುಳಾದಳು, ಅಂಗಡಿಯನ್ನ ರೆಕಾರ್ಡ್ ಅಂಗಡಿ ಮಾಡಿದಳು, ಆಮೇಲೆ ಟ್ರಂಪೆಟ್ ಅನ್ನೋ ಕಂಪನಿಯನ್ನೇ ಶುರು ಮಾಡಿದಳು. ಸನ್ನಿ ಬಾಯ್‌ನನ್ನ ಹುಡುಕಿಸಿ ಕರೆತಂದು 1951ರಲ್ಲಿ ರೆಕಾರ್ಡ್ ಮಾಡಿಸಿದಳು. ಐಸೈಟ್ ಟು ದ ಬ್ಲೈಂಡ್ ಬಂದದ್ದು ಆಗ. ಅದೇ ವರ್ಷ ಎಲ್ಮೋರ್ ಜೇಮ್ಸ್‌ನ ಡಸ್ಟ್ ಮೈ ಬ್ರೂಮ್ ಕೂಡ ಟ್ರಂಪೆಟ್‌ನಿಂದಲೇ ಬಂತು. ಅದರಲ್ಲಿ ಕೇಳಿಸೋ ಮೌತ್ ಆರ್ಗನ್ ಸನ್ನಿ ಬಾಯ್‌ದು.

ಟ್ರಂಪೆಟ್ ಸಾಲದಲ್ಲಿ ಮುಳುಗಿತು. 1955ರಲ್ಲಿ ಅವನ ಕಾಂಟ್ರ್ಯಾಕ್ಟ್ ಕೈ ಬದಲಾಯಿಸಿ ಶಿಕಾಗೋದ ಚೆಸ್ ಕಂಪನಿಗೆ ಬಂತು. ಅಲ್ಲಿ ಮೊದಲ ರೆಕಾರ್ಡಿಂಗ್‌ಗೆ ಅವನ ಹಿಂದೆ ನಿಂತದ್ದು ಮಡ್ಡಿ ವಾಟರ್ಸ್‌ನ ತಂಡ. ಡೋಂಟ್ ಸ್ಟಾರ್ಟ್ ಮಿ ಟಾಕಿನ್ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಹೋಯಿತು. ಮುಂದಿನ ಹತ್ತು ವರ್ಷದಲ್ಲಿ ಚೆಸ್‌ಗಾಗಿ ಸುಮಾರು 70 ಹಾಡು ರೆಕಾರ್ಡ್ ಮಾಡಿದ.

ಅವನ ವಾದನದ ಗುಟ್ಟು ಏನು ಅಂದರೆ, ಕಡಿಮೆ ನುಡಿಸೋದು. ಲಿಟಲ್ ವಾಲ್ಟರ್ ಥರದ ಕಿರಿಯರು ಮೈಕನ್ನ ಅಂಗೈಯಲ್ಲಿ ಮುಚ್ಚಿ ಹಿಡಿದು, ಆಂಪ್ಲಿಫೈಯರ್ ಉರಿಸಿ, ಸ್ಯಾಕ್ಸಫೋನ್ ಥರದ ದನಿ ತೆಗೆಯುತ್ತಿದ್ದರು. ಸನ್ನಿ ಬಾಯ್ ಬಹುತೇಕ ಹಾಡೋ ಮೈಕಿನ ಮುಂದೆಯೇ ನಿಂತು ನುಡಿಸುತ್ತಿದ್ದ. ಎರಡು ಅಂಗೈಗಳ ಬಟ್ಟಲೇ ಅವನ ಫಿಲ್ಟರ್. ಮುಚ್ಚಿದರೆ ದನಿ ಕಪ್ಪಗಾಗುತ್ತೆ, ತೆರೆದರೆ ಹೊಳೆಯುತ್ತೆ. ಒಂದು ಸಾಲು ಹಾಡಿ, ಅದಕ್ಕೆ ಉತ್ತರ ಕೊಡೋ ಹಾಗೆ ಎರಡೇ ಸ್ವರ ಊದಿ, ಆಮೇಲೆ ಸುಮ್ಮನಾಗೋದು. ದಿನಾ ಕಾಲು ಗಂಟೆಯಲ್ಲಿ ಹಾಡು, ಮಾತು, ಹಿಟ್ಟಿನ ಜಾಹೀರಾತು ಎಲ್ಲ ಮುಗಿಸಬೇಕಾಗಿದ್ದ ಮನುಷ್ಯನಿಗೆ ಒಂದು ಸೆಕೆಂಡಿನ ಬೆಲೆ ಚೆನ್ನಾಗಿ ಗೊತ್ತಿತ್ತು.

ಎರಡು ಬಣ್ಣದ ಸೂಟು

1963ರಲ್ಲಿ ಅಮೆರಿಕನ್ ಫೋಕ್ ಬ್ಲೂಸ್ ಫೆಸ್ಟಿವಲ್ ಅನ್ನೋ ತಿರುಗಾಟದ ತಂಡದ ಜೊತೆ ಯುರೋಪಿಗೆ ಹೋದ. ಮಡ್ಡಿ ವಾಟರ್ಸ್, ವಿಲ್ಲಿ ಡಿಕ್ಸನ್, ಮೆಂಫಿಸ್ ಸ್ಲಿಮ್ ಕೂಡ ಇದ್ದರು. ತಂಡ ವಾಪಸ್ ಹೋದರೂ ಇವನು ಇಂಗ್ಲೆಂಡಿನಲ್ಲಿ ಉಳಿದ. ತನ್ನೂರಲ್ಲಿ ಹಿಂಬಾಗಿಲಿಂದ ಬರಬೇಕಾಗಿದ್ದ ಮನುಷ್ಯ ಇಲ್ಲಿ ಎರಡು ಬಣ್ಣದ ಸೂಟು ಹೊಲಿಸಿಕೊಂಡು, ಬೌಲರ್ ಹ್ಯಾಟ್ ಇಟ್ಟುಕೊಂಡು, ಬ್ರೀಫ್‌ಕೇಸಿನಲ್ಲಿ ಮೌತ್ ಆರ್ಗನ್‌ಗಳನ್ನ ತುಂಬಿಕೊಂಡು ತಿರುಗಾಡಿದ. ಲಂಡನ್ನಿನ ಹೊರವಲಯದ ಕ್ರಾಡ್ಯಾಡಿ ಕ್ಲಬ್ಬಿನಲ್ಲಿ ಯಾರ್ಡ್‌ಬರ್ಡ್ಸ್ ತಂಡದ ಹುಡುಗರು ಅವನ ಹಿಂದೆ ನುಡಿಸಿದರು. ಗಿಟಾರ್ ಹಿಡಿದಿದ್ದ ಎರಿಕ್ ಕ್ಲ್ಯಾಪ್ಟನ್‌ಗೆ ಆಗ 18 ವರ್ಷ, ನಮ್ಮ ಫಸ್ಟ್ ಇಯರ್ ವಯಸ್ಸು. ಡಿಸೆಂಬರ್ ಕೊನೆಯಲ್ಲಿ ನ್ಯೂಕ್ಯಾಸಲ್‌ನಲ್ಲಿ ಆನಿಮಲ್ಸ್ ತಂಡದ ಜೊತೆಗೂ ರೆಕಾರ್ಡಿಂಗ್ ಆಯಿತು. ರೆಕಾರ್ಡು ಕೇಳಿ ಬ್ಲೂಸ್ ಕಲಿತಿದ್ದ ಈ ಹುಡುಗರಿಗೆ ಎದುರಿಗೆ ನಿಂತ ಮುದುಕ ಯಾವ ರಿಯಾಯಿತಿಯನ್ನೂ ತೋರಿಸಲಿಲ್ಲ. ಹಾಡಿನ ಮಧ್ಯೆ ತನಗೆ ಬೇಕಾದಲ್ಲಿ ತಿರುಗುತ್ತಿದ್ದ, ಹಿಂದಿನವರು ಓಡಿ ಬಂದು ಸೇರಿಕೊಳ್ಳಬೇಕು. ಹೊಲದ ಹಾಡಿಗೂ ಪಠ್ಯಕ್ಕೂ ಇರೋ ವ್ಯತ್ಯಾಸ ಅವರಿಗೆ ಗೊತ್ತಾಗಿದ್ದು ವೇದಿಕೆಯ ಮೇಲೇ.

ಆಮೇಲೆ ಅವನ ಹಾಡುಗಳು ರಾಕ್ ತಂಡಗಳ ಕೈಗೆ ಹೋದವು. ದ ಹೂ ತಂಡದ ಟಾಮಿಯಲ್ಲಿ ಐಸೈಟ್ ಟು ದ ಬ್ಲೈಂಡ್ ಇದೆ. ಆಲ್‌ಮನ್ ಬ್ರದರ್ಸ್ ಒನ್ ವೇ ಔಟ್ ಹಾಡಿದರು. ವಿಲ್ಲಿ ಡಿಕ್ಸನ್ ಬರೆದು ಸನ್ನಿ ಬಾಯ್ ಹಾಡಿದ್ದ ಬ್ರಿಂಗ್ ಇಟ್ ಆನ್ ಹೋಮ್ 1969ರಲ್ಲಿ ಲೆಡ್ ಝೆಪೆಲಿನ್ ಆಲ್ಬಮ್ಮಿನಲ್ಲಿ ಬಂದಾಗ ಡಿಕ್ಸನ್ ಹೆಸರೇ ಇರಲಿಲ್ಲ. ಅದಕ್ಕೆ ಕಾನೂನು ಜಗಳ ಆಗಬೇಕಾಯಿತು. ಹೆಸರು ಎತ್ತಿಕೊಂಡವನ ಹಾಡಿಗೂ ಅದೇ ಗತಿ ಅಂತ ನಗಬಹುದು. ಒಂದು ವ್ಯತ್ಯಾಸ ಮಾತ್ರ ಇದೆ. ರೈಸ್ ಮಿಲ್ಲರ್ ಎತ್ತಿಕೊಂಡದ್ದು ಹೆಸರನ್ನ, ಶೈಲಿಯನ್ನಲ್ಲ. ಇಬ್ಬರು ಸನ್ನಿ ಬಾಯ್‌ಗಳ ರೆಕಾರ್ಡು ಒಂದರ ಪಕ್ಕ ಒಂದು ಹಾಕಿ ಕೇಳಿದರೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತೆ, ಇಬ್ಬರ ಉಸಿರೂ ಬೇರೆ ಬೇರೆ. ಹಾಗಂತ ಮೊದಲನೆಯವನಿಗೆ ಆದ ನಷ್ಟ ಸುಳ್ಳಾಗೋಲ್ಲ. 34ಕ್ಕೇ ಸತ್ತ ಆ ಒಳ್ಳೆ ಸಂಗೀತಗಾರನನ್ನ ಇವತ್ತು ಪುಸ್ತಕಗಳಲ್ಲಿ ಸನ್ನಿ ಬಾಯ್ ಒಂದು ಅಂತ ನಂಬರ್ ಹಾಕಿ ಕರೀಬೇಕಾಗಿ ಬಂದಿದೆ. ತನ್ನದೇ ಹೆಸರಿಗೆ ನಂಬರ್!

ಕೊನೆಯ ಮಧ್ಯಾಹ್ನ

ಯುರೋಪಿನಲ್ಲಿ ಮರ್ಯಾದೆ, ದುಡ್ಡು, ಚಪ್ಪಾಳೆ ಎಲ್ಲ ಸಿಕ್ಕಿತ್ತು. ಆದರೂ 1965ರಲ್ಲಿ ಹೆಲೀನಾಗೆ ವಾಪಸ್ ಬಂದ. ಮತ್ತೆ ಅದೇ ಕೆಎಫ್‌ಎಫ್‌ಎ, ಅದೇ ಹಿಟ್ಟು, ಅದೇ 12:15. ಆರೋಗ್ಯ ಕೆಟ್ಟಿತ್ತು. ಆ ವಸಂತದಲ್ಲಿ ಹತ್ತಿರದ ಹಳ್ಳಿಯವನೇ ಆದ ಡ್ರಮ್ಮರ್ ಲೀವನ್ ಹೆಲ್ಮ್ ತನ್ನ ತಂಡದ ಜೊತೆ ಬಂದು ಅವನನ್ನ ಹುಡುಕಿದ. ಹೆಲ್ಮ್ ಬಿಳಿಯ, ಚಿಕ್ಕಂದಿನಲ್ಲಿ ಸನ್ನಿ ಬಾಯ್ ನುಡಿಸೋದನ್ನ ಎದುರಿಗೇ ಕಂಡು ಬೆಳೆದವನು. ಒಟ್ಟಿಗೆ ನುಡಿಸಿದರು, ಮುಂದೆ ಜೊತೆಯಾಗಿ ಏನಾದರೂ ಮಾಡೋಣ ಅಂತ ಮಾತಾಯಿತು. ನುಡಿಸುತ್ತಾ ನುಡಿಸುತ್ತಾ ಮುದುಕ ಪಕ್ಕದ ಡಬ್ಬಿಗೆ ರಕ್ತ ಉಗುಳುತ್ತಿದ್ದ. ಕಪ್ಪು ಜನರ ಕೇರಿಯಲ್ಲಿ ಬಿಳಿ ಹುಡುಗರಿಗೇನು ಕೆಲಸ ಅಂತ ಪೊಲೀಸರು ಬಂದು ಅವರನ್ನ ಊರು ಬಿಡಿಸಿದರು. ಆ ಹುಡುಗರು ಮುಂದೆ ಬಾಬ್ ಡಿಲನ್ ಹಿಂದೆ ನುಡಿಸಿ ದ ಬ್ಯಾಂಡ್ ಅಂತ ಹೆಸರಾದರು. ಸನ್ನಿ ಬಾಯ್ ಜೊತೆ ಅಂದುಕೊಂಡದ್ದು ಆಗಲೇ ಇಲ್ಲ.

1965ರ ಮೇ 25. ಸ್ಟುಡಿಯೋದಲ್ಲಿ ಡ್ರಮ್ಮರ್ ಪೆಕ್ ಕರ್ಟಿಸ್, ಗಿಟಾರ್‌ನ ಹ್ಯೂಸ್ಟನ್ ಸ್ಟ್ಯಾಕ್‌ಹೌಸ್ ಕಾಯುತ್ತಿದ್ದರು. 12:15 ಹತ್ತಿರ ಬಂತು, ಅವನ ಸುಳಿವಿಲ್ಲ. ಪೆಕ್ ಅವನ ಬಾಡಿಗೆ ರೂಮಿಗೆ ಓಡಿದ. ಹಾಸಿಗೆಯಲ್ಲೇ ಸತ್ತಿದ್ದ. ರಾತ್ರಿ ನಿದ್ದೆಯಲ್ಲಿ ಹೃದಯಾಘಾತ.

ಹೂಳಿದ್ದು ಮಿಸಿಸಿಪ್ಪಿಯ ಟಟ್‌ವೈಲರ್ ಊರಿನ ಹೊರಗೆ. ಹನ್ನೆರಡು ವರ್ಷ ಸಮಾಧಿಗೆ ಒಂದು ಕಲ್ಲೂ ಇರಲಿಲ್ಲ. 1977ರಲ್ಲಿ ಅದನ್ನ ಹಾಕಿಸಿದವಳು ಲಿಲಿಯನ್ ಮ್ಯಾಕ್‌ಮರಿ, ಅವಳ ಕಂಪನಿ ಮುಚ್ಚಿ ಎರಡು ದಶಕ ಕಳೆದ ಮೇಲೆ. ಕಲ್ಲಿನ ಮೇಲಿನ ಹುಟ್ಟಿದ ದಿನಾಂಕ ಅನುಮಾನ. ಸತ್ತ ದಿನಾಂಕ ಜೂನ್ 23 ಅಂತಿದೆ, ಅದಂತೂ ತಪ್ಪೇ. ಅಲ್ಲಿಗೆ ಹೋಗೋರು ಹೂವಿನ ಬದಲು ಮೌತ್ ಆರ್ಗನ್ ಇಟ್ಟು ಬರುತ್ತಾರೆ.

ಕಾರ್ಯಕ್ರಮ ನಿಲ್ಲಲಿಲ್ಲ

ಅವನು ಹೋದ ಮೇಲೆ ಕಿಂಗ್ ಬಿಸ್ಕಿಟ್ ಟೈಮ್ ನಿಧಾನಕ್ಕೆ ರೆಕಾರ್ಡು ಹಾಕೋ ಕಾರ್ಯಕ್ರಮ ಆಯಿತು. 1951ರಿಂದ ಅದನ್ನ ನಡೆಸುತ್ತಿದ್ದ ಸನ್ನಿ ಪೇನ್ 2018ರಲ್ಲಿ 92ನೇ ವಯಸ್ಸಿನಲ್ಲಿ ಸಾಯೋವರೆಗೂ ಅದರ ದನಿಯಾಗಿದ್ದ. 1980ರ ದಶಕದಲ್ಲಿ ಕೆಲವು ವರ್ಷ ನಿಂತು ಮತ್ತೆ ಶುರುವಾಯಿತು. 1992ರಲ್ಲಿ ಪೀಬಾಡಿ ಪ್ರಶಸ್ತಿ ಬಂತು. 2014ರಲ್ಲಿ 17,000ನೇ ಪ್ರಸಾರ ದಾಟಿತು. 1986ರಿಂದ ಊರಲ್ಲಿ ಇದೇ ಹೆಸರಿನ ಬ್ಲೂಸ್ ಹಬ್ಬವೂ ನಡೆಯುತ್ತಿದೆ. ಹಿಟ್ಟಿನ ಹೆಸರು ಒಂದು ಊರಿನ ಗುರುತೇ ಆಗಿಬಿಟ್ಟಿದೆ.

ಬೇರೆ ಊರುಗಳ ವಾರದ ಬ್ಲೂಸ್ ಕಾರ್ಯಕ್ರಮಗಳು ಮಾಡೋದೂ ಇದೇ ಕೆಲಸ. 1951ರ ಟ್ರಂಪೆಟ್ ರೆಕಾರ್ಡೊಂದರ ಬೆನ್ನಿಗೇ, ಹೆಲೀನಾದಿಂದ ನದಿಯಾಚೆಗಿರೋ ಕ್ಲಾರ್ಕ್ಸ್‌ಡೇಲ್‌ನಲ್ಲಿ 1999ರಲ್ಲಿ ಹುಟ್ಟಿ, 2022ರಲ್ಲಿ ಗ್ರ್ಯಾಮಿ ಗೆದ್ದ ಕಿಂಗ್‌ಫಿಶ್ ಇನ್‌ಗ್ರಮ್‌ನ ಹೊಸ ಹಾಡು. ಹಳೆಯವರನ್ನ ಹೊಸಬರ ಮೂಲಕ, ಹೊಸಬರನ್ನ ಹಳೆಯವರ ಮೂಲಕ ಕೇಳಿಸೋದು. ತನ್ನ ಕಾರ್ಯಕ್ರಮದಲ್ಲಿ ಒಬ್ಬ ಟ್ರ್ಯಾಕ್ಟರ್ ಹುಡುಗನಿಗೆ ಒಂದು ಹಾಡಿನಷ್ಟು ಜಾಗ ಬಿಟ್ಟುಕೊಟ್ಟ ದಿನ ಸನ್ನಿ ಬಾಯ್ ಮಾಡಿದ್ದೂ ಅದನ್ನೇ.

ಕೇಳೋ ಮನಸ್ಸಾದರೆ ಐಸೈಟ್ ಟು ದ ಬ್ಲೈಂಡ್‌ನಿಂದ ಶುರು ಮಾಡಿ. ಆಮೇಲೆ 1963ರ ಹೆಲ್ಪ್ ಮಿ, ಆಮೇಲೆ ಬೈ ಬೈ ಬರ್ಡ್. ಇಯರ್‌ಫೋನ್ ಹಾಕಿ ಕೇಳಿ, ಎರಡು ಸ್ವರಗಳ ಮಧ್ಯೆ ಅವನು ಸುಮ್ಮನಿರೋ ಜಾಗಗಳನ್ನ ಗಮನಿಸಿ. ನಂತರ ಮರೀದೆ ಜಾನ್ ಲೀ ಕರ್ಟಿಸ್ ವಿಲಿಯಮ್ಸನ್‌ನ ಒಂದೆರಡು ರೆಕಾರ್ಡನ್ನೂ ಹುಡುಕಿ ಕೇಳಿ. ಹೆಸರು ಕೊಟ್ಟವನಿಗೂ ಒಂದು ಅಟೆಂಡೆನ್ಸ್ ಸಲ್ಲಬೇಕಲ್ವಾ?